ದೇವದೂತನನ್ನು ಕೈಬಿಟ್ಟ ಚಿತ್ರ

ಪಾಲ್ ವೆರ್ಹೋವೆನ್ನರ ‘ಬೆನೆಡೆಟ್ಟಾ’ ಚಿತ್ರ 2021ರಲ್ಲಿ ಕಾನ್ ಉತ್ಸವದಲ್ಲಿ ತೆರೆಕಂಡಂದಿನಿಂದ ಅದನ್ನು ಕುರಿತು ಎರಡು ಮಾತುಗಳು ಕೇಳಿಬರುತ್ತಿವೆ. ಅದು ದೈವನಿಂದೆ ಎಂಬುದು ಒಂದು. ಅದು ಧೀರ ಕೃತಿ ಎಂಬುದು ಮತ್ತೊಂದು. ಮೊದಲನೆಯ ಮಾತನ್ನಾಡುವವರು ಅದೇ ವರ್ಷ ನ್ಯೂಯಾರ್ಕಿನ ಚಿತ್ರೋತ್ಸವದ ಬಾಗಿಲಲ್ಲಿ ಫಲಕ ಹಿಡಿದು ನಿಂತರು. ರಷ್ಯಾದಲ್ಲಿ ಚಿತ್ರದ ಪ್ರದರ್ಶನಕ್ಕೆ ಅನುಮತಿಯೇ ದೊರೆಯಲಿಲ್ಲ. ಎರಡನೆಯ ಮಾತನ್ನಾಡುವವರು ಆ ವಿರೋಧವನ್ನೇ ಚಿತ್ರದ ಯೋಗ್ಯತೆಗೆ ಸಾಕ್ಷಿಯಾಗಿ ಮುಂದೊಡ್ಡಿದರು. ಬೈಸಿಕೊಂಡದ್ದೆಲ್ಲ ಶ್ರೇಷ್ಠವಾಗುವ ಹಾಗಿದ್ದರೆ ವಿಮರ್ಶಕನ ಕೆಲಸ ಎಷ್ಟು ಸುಲಭವಾಗುತ್ತಿತ್ತು!

ನನ್ನ ಆಕ್ಷೇಪಣೆ ಈ ಎರಡು ಪಕ್ಷಗಳಿಗೂ ಸೇರಿದ್ದಲ್ಲ. ಈ ಚಿತ್ರ ದೇವರನ್ನು ನಿಂದಿಸಿದೆ ಎಂದು ನನಗೆ ತೋರುವುದಿಲ್ಲ. ಅದು ಧೀರವಾಗಿದೆ ಎಂದೂ ತೋರುವುದಿಲ್ಲ. ಅದರ ನಿಜವಾದ ದೋಷ ಅಂಜುಬುರುಕುತನ. ಕನ್ಯಾಮಠದೊಳಗಿನ ಬೆತ್ತಲೆ ಮೈಯನ್ನು ತೋರಿಸಲು ಅದು ಅಂಜಲಿಲ್ಲ, ಸರಿಯೆ. ಆ ಕಾಲಕ್ಕೆ ಅದಕ್ಕೆ ದೊಡ್ಡ ಧೈರ್ಯವೇನೂ ಬೇಕಿರಲಿಲ್ಲ. ಆದರೆ ಆ ಕಥೆಯಲ್ಲಿ ನಿಜವಾಗಿ ಭಯ ಹುಟ್ಟಿಸುವ ಸಂಗತಿ ಒಂದಿತ್ತು. ಅದು ಎದುರಾದಾಗ ನಿರ್ದೇಶಕರು ಮುಖ ತಿರುಗಿಸಿಕೊಂಡರು. ಅದು ಯಾವುದೆಂದು ತಿಳಿಯಬೇಕಾದರೆ ಚಿತ್ರದ ಹಿಂದಿರುವ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಬೆನೆಡೆಟ್ಟಾ ಕಾರ್ಲೀನಿ ಇಟಲಿಯ ಟಸ್ಕನಿ ಸೀಮೆಯ ವೆಲ್ಲಾನೋ ಎಂಬ ಬೆಟ್ಟದ ಹಳ್ಳಿಯಲ್ಲಿ 1590ರಲ್ಲಿ ಹುಟ್ಟಿದಳು. ಹೆರಿಗೆಯಲ್ಲಿ ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ ಒದಗಿತ್ತು. ಉಳಿದರೆ ಮಗುವನ್ನು ದೇವರಿಗೆ ಒಪ್ಪಿಸುತ್ತೇನೆಂದು ತಂದೆ ಹರಕೆ ಹೊತ್ತ. ಒಂಬತ್ತನೆಯ ವರ್ಷಕ್ಕೆ ಆಕೆ ಪೆಶ್ಯಾ ಪಟ್ಟಣದಲ್ಲಿದ್ದ ಥಿಯಟೈನ್ ಸಂನ್ಯಾಸಿನಿಯರ ಬಳಿ ಬಂದು ಸೇರಿದಳು. ಹದಿಹರೆಯ ದಾಟಿ ಕೆಲವು ವರ್ಷಗಳಾದ ಮೇಲೆ ಆಕೆಗೆ ದರ್ಶನಗಳು ತೊಡಗಿದುವು. ಸುಂದರ ಯುವಕರು ಬಂದು ತನ್ನನ್ನು ಹೊಡೆಯುತ್ತಾರೆ ಎಂದು ಆಕೆ ನರಳುತ್ತಿದ್ದಳು. ರಾತ್ರಿಯ ಹೊತ್ತು ಆಕೆಯ ಜೊತೆಗಿರಲು ಬಾರ್ತೊಲೊಮೆಯಾ ಕ್ರಿವೆಲ್ಲಿ ಎಂಬ ಕಿರಿಯಳನ್ನು ನೇಮಿಸಿದರು. ಮುಂದೆ ಆಕೆಯ ಮೈಮೇಲೆ ಕ್ರಿಸ್ತನ ಪಂಚಗಾಯಗಳು ಮೂಡಿದುವೆಂದು ಸುದ್ದಿಯಾಯಿತು; ಆಕೆ ಮಠದ ಒಡತಿಯಾದಳು; 1619ರಲ್ಲಿ ಇಡೀ ಮಠದ ಎದುರಿಗೆ ಕ್ರಿಸ್ತನೊಡನೆ ಆಕೆಯ ಮದುವೆ ನಡೆಯಿತು. ವರನನ್ನು ಬೇರೆ ಯಾರೂ ಕಾಣಲಿಲ್ಲ. ಆದರೆ ವಧುವಿನ ಬಾಯಿಂದ ವರನೇ ಮಾತನಾಡಿ ವಧುವನ್ನು ಹೊಗಳಿದನು!

ಅದೇ ವರ್ಷ ಊರಿನ ಧರ್ಮಾಧಿಕಾರಿ ಸ್ಟೆಫಾನೋ ಚೆಕ್ಕಿ ವಿಚಾರಣೆ ನಡೆಸಿದ. ಆಕೆಗೆ ಅದರಿಂದ ತೊಂದರೆಯಾಗಲಿಲ್ಲ. ಮೂರು ವರ್ಷಗಳ ಮೇಲೆ, ಪೋಪರ ಪ್ರತಿನಿಧಿ ಅಲ್ಫಾನ್ಸೋ ಜಿಲ್ಯೋಲಿಯ ಅಧಿಕಾರಿಗಳು ಬಂದು 1622ರಿಂದ 1623ರವರೆಗೆ ಎರಡನೆಯ ವಿಚಾರಣೆ ನಡೆಸಿದಾಗ, ಕಥೆ ಬೇರೆಯಾಯಿತು. ಬಾಗಿಲ ಸಂದಿಯಲ್ಲಿ ಇಣುಕಿ ನೋಡಿದ ಸಂನ್ಯಾಸಿನಿಯರು, ಆಕೆ ದಪ್ಪ ಸೂಜಿಯಿಂದ ಗಾಯಗಳನ್ನು ಮತ್ತೆ ಮತ್ತೆ ಕೆದಕಿಕೊಳ್ಳುತ್ತಿದ್ದಳೆಂದು ಹೇಳಿದರು. ಮದುವೆಯ ಉಂಗುರದ ಗುರುತು ನೀರಿನಲ್ಲಿ ಕದಡಿದ ಕೇಸರಿಯಿಂದ ಬರೆದುಕೊಂಡದ್ದೆಂದು ತಿಳಿಯಿತು. ಮಾಂಸ ಮುಟ್ಟುವುದಿಲ್ಲವೆಂದವಳು ಗುಟ್ಟಾಗಿ ಮಾಂಸ ತಿನ್ನುತ್ತಿದ್ದಳೆಂಬ ಹೇಳಿಕೆಯೂ ಬಂತು. ಕೊನೆಗೆ ಬಾರ್ತೊಲೊಮೆಯಾ ಬಾಯಿಬಿಟ್ಟಳು: ಎರಡು ವರ್ಷಗಳ ಕಾಲ, ವಾರಕ್ಕೆ ಮೂರು ಸಲಕ್ಕೆ ಕಡಮೆಯಿಲ್ಲದೆ, ತಮ್ಮಿಬ್ಬರಿಗೂ ದೇಹಸಂಬಂಧ ನಡೆದಿತ್ತು.

ಇಲ್ಲಿಯವರೆಗೆ ಇದು ಒಂದು ಮೋಸದ ಕಥೆ. ನಮ್ಮ ಊರುಗಳಲ್ಲಿಯೂ ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವಂಥದು. ಆದರೆ ಬಾರ್ತೊಲೊಮೆಯಾಳ ಹೇಳಿಕೆಯಲ್ಲಿ ಇನ್ನೊಬ್ಬ ಪಾತ್ರಧಾರಿ ಇದ್ದಾನೆ. ಅವನ ಹೆಸರು ಸ್ಪ್ಲೆಂಡಿಟೆಲ್ಲೊ. ಅವನು ಬೆನೆಡೆಟ್ಟಾಳ ಕಾವಲಿನ ದೇವದೂತ: ಬಿಳಿಯ ಉಡುಪಿನ ಚೆಲುವ ಹುಡುಗ, ಕೈಯಲ್ಲಿ ಒಂದು ಮಗ್ಗುಲು ಹೂವೂ ಇನ್ನೊಂದು ಮಗ್ಗುಲು ಮುಳ್ಳೂ ಇರುವ ಹಸಿರು ಕಡ್ಡಿ. ಹಾಸಿಗೆಯಲ್ಲಿ ಬಾರ್ತೊಲೊಮೆಯಾಳ ಕೈ ಹಿಡಿದವನು, ಮಾತನಾಡಿದವನು, ಇದು ಪಾಪವಲ್ಲವೆಂದು ಹೇಳಿದವನು ಅವನು. ಬಾಯಿ ಬೆನೆಡೆಟ್ಟಾಳದು, ಮೈ ಬೆನೆಡೆಟ್ಟಾಳದು. ಪ್ರೇಮಿ ಮಾತ್ರ ದೇವದೂತ.

ವಾಚಕರು ಇಲ್ಲಿ ಒಂದು ಗಳಿಗೆ ನಿಲ್ಲಬೇಕೆಂದು ನನ್ನ ಕೋರಿಕೆ. ಈ ದೇವದೂತ ಬರಿಯ ನೆಪವೆ? ಹಾಸಿಗೆಯೊಂದರಲ್ಲಿಯೇ ಕಾಣಿಸಿಕೊಂಡಿದ್ದರೆ ನೆಪವೆಂದು ತಳ್ಳಿಬಿಡಬಹುದಿತ್ತು. ಆದರೆ ಆ ಮಠದಲ್ಲಿ ಬೆನೆಡೆಟ್ಟಾಳಿಗೆ ಏನೇನು ಸಾಧ್ಯವಾಯಿತೋ ಅದೆಲ್ಲ ಇಂತಹ ಪರಕಾಯದ ದನಿಗಳಿಂದಲೇ ಸಾಧ್ಯವಾಯಿತು. ಆ ಕಾಲದ ಚರ್ಚಿನಲ್ಲಿ ಹೆಂಗಸು ಉಪದೇಶ ಮಾಡುವಂತಿರಲಿಲ್ಲ. ಬೆನೆಡೆಟ್ಟಾ ಮೈಮರೆತ ಸ್ಥಿತಿಯಲ್ಲಿ ಉಪದೇಶ ಮಾಡಿದಳು, ಆಕೆಯ ಗುರು ಪಾವೊಲೊ ರಿಕೊರ್ದಾತಿ ಒಪ್ಪಿದ, ಸೋದರಿಯರು ಅದನ್ನು ಕೇಳುತ್ತ ಪಶ್ಚಾತ್ತಾಪದಿಂದ ತಮ್ಮ ಬೆನ್ನಿಗೆ ಚಾವಟಿ ಹೊಡೆದುಕೊಂಡರು. ಮಾತನಾಡುತ್ತಿದ್ದವಳು ಆಕೆಯಲ್ಲವಲ್ಲ! ಹಳ್ಳಿಯಿಂದ ಬಂದ ಹೆಣ್ಣು ಸಣ್ಣ ವಯಸ್ಸಿನಲ್ಲಿಯೇ ಮಠದ ಒಡತಿಯಾದದ್ದೂ ಆ ದನಿಗಳ ಬಲದಿಂದಲೇ. ಮಾತು, ಅಧಿಕಾರ, ಪ್ರೇಮ ಈ ಮೂರೂ ಆಕೆಗೆ ಮುಚ್ಚಿದ ಬಾಗಿಲುಗಳು. ಮೂರನ್ನೂ ತೆರೆದ ಬೀಗದ ಕೈ ಒಂದೇ.

ಹಾಗಾದರೆ ಆಕೆ ನಂಬಿದ್ದಳೆ, ನಟಿಸಿದ್ದಳೆ? ಕೇಸರಿಯಿಂದ ಉಂಗುರ ಬರೆದುಕೊಂಡವಳು ನಟಿಸಿದ್ದಳೆಂಬುದರಲ್ಲಿ ಸಂದೇಹವೇನು? ಆದರೆ ಪ್ರತಿದಿನ ಸೂಜಿಯಿಂದ ತನ್ನ ಅಂಗೈಯನ್ನು ತಾನೇ ತೂತು ಮಾಡಿಕೊಳ್ಳುವವಳು ಬರಿಯ ನಟಿಯಲ್ಲ. ನಟಿಗೆ ಬಣ್ಣ ಸಾಕು. ಆಕೆಗೆ ರಕ್ತ ಬೇಕಾಯಿತು. ಸುಳ್ಳು ಹೇಳುತ್ತ ಹೇಳುತ್ತ ನಂಬುವ, ನಂಬುತ್ತ ನಂಬುತ್ತ ಸುಳ್ಳು ಹೇಳುವ ಒಂದು ಸ್ಥಿತಿ ಮನುಷ್ಯರಲ್ಲಿ ಉಂಟು. ಅದಕ್ಕೆ ನಮ್ಮ ಭಾಷೆಗಳಲ್ಲಿ ಸರಿಯಾದ ಹೆಸರಿಲ್ಲ. ಕಲೆ ಇರುವುದೇ ಹೆಸರಿಲ್ಲದ ಇಂತಹ ಜಾಗಕ್ಕಾಗಿ.

ಚಿತ್ರ ಈ ಜಾಗದಲ್ಲಿ ಏನು ಮಾಡಿತು? ದೇವದೂತನನ್ನು ಕಥೆಯಿಂದಲೇ ತೆಗೆದುಹಾಕಿತು. ಅವನ ಬದಲು ಒಂದು ಮರದ ಬೊಂಬೆಯನ್ನು ತಂದಿತು. ಮೇರಿಮಾತೆಯ ಪುಟ್ಟ ವಿಗ್ರಹವೊಂದನ್ನು ಬಾರ್ತೊಲೊಮೆಯಾ ಕೆತ್ತಿ ಭೋಗಸಾಧನವಾಗಿ ಮಾಡುತ್ತಾಳೆ. ಇದು ದಾಖಲೆಯಲ್ಲಿಲ್ಲದ ಸಂಗತಿ. ಚಿತ್ರದ ವಿಷಯದಲ್ಲಿ ಎದ್ದ ಗದ್ದಲವೆಲ್ಲ ಬಹುಮಟ್ಟಿಗೆ ಈ ಬೊಂಬೆಯದೇ. ಭಕ್ತರು ವಿಗ್ರಹಕ್ಕೆ ಅಪಚಾರವಾಯಿತೆಂದು ನೊಂದರು. ನನ್ನ ನೋವು ಬೇರೆ. ಮಾತನಾಡುವ ದೇವದೂತನನ್ನು ಕಳೆದುಕೊಂಡು ಮಾತನಾಡದ ಮರದ ತುಂಡನ್ನು ಪಡೆಯುವುದು ಎಂತಹ ವ್ಯಾಪಾರ? ದೇವದೂತ ಇದ್ದಾಗ ಹಾಸಿಗೆಯಲ್ಲಿ ಭಕ್ತಿಯೂ ಇತ್ತು, ಕಾಮವೂ ಇತ್ತು. ಯಾವುದು ಎಲ್ಲಿ ಮುಗಿಯಿತೆಂದು ಹೇಳಲು ವಿಚಾರಣೆಯ ಅಧಿಕಾರಿಗಳಿಗೂ ಆಗಲಿಲ್ಲ. ಬೊಂಬೆ ಬಂದ ಕೂಡಲೆ ಭಕ್ತಿ ಒಂದು ಕಡೆ, ಕಾಮ ಒಂದು ಕಡೆ. ಒಂದು ಇನ್ನೊಂದನ್ನು ಅಣಕಿಸುತ್ತದೆ, ಅಷ್ಟೆ.

ಚಿತ್ರದಲ್ಲಿಯೂ ಬೆನೆಡೆಟ್ಟಾಳ ಬಾಯಿಂದ ಗಂಡುದನಿ ಹೊರಡುತ್ತದಲ್ಲ ಎಂದು ಕೇಳಬಹುದು. ಹೊರಡುತ್ತದೆ, ನಿಜ. ಆದರೆ ಅದು ಸೋದರಿಯರನ್ನೂ ಊರಿನವರನ್ನೂ ಬೆದರಿಸುವ ಗರ್ಜನೆ. ಆಕೆಯ ದರ್ಶನಗಳಲ್ಲಿ ಬರುವ ಕ್ರಿಸ್ತನಾದರೂ ಕುದುರೆಯೇರಿ ಕತ್ತಿ ಬೀಸಿ ಖಳರ ರುಂಡ ಚೆಂಡಾಡುವ ಸಾಹಸಿ. ಅವನನ್ನು ಕಂಡು ಪ್ರೇಕ್ಷಕರು ನಗುತ್ತಾರೆ, ನಗಲೆಂದೇ ಅವನನ್ನು ಹಾಗೆ ತೋರಿಸಿದ್ದಾರೆ. ನಗುವ ಪ್ರೇಕ್ಷಕ ಕ್ಷೇಮವಾಗಿರುತ್ತಾನೆ. ತಾನು ಇಪ್ಪತ್ತೊಂದನೆಯ ಶತಮಾನದವನು, ಇವೆಲ್ಲ ತನಗೆ ಗೊತ್ತು, ಅದುಮಿಟ್ಟ ಕಾಮ ಹೀಗೆ ವೇಷ ಹಾಕುತ್ತದೆ ಎಂದುಕೊಂಡು ಅವನು ಮನೆಗೆ ಹೋಗಬಹುದು. ನಾನು ಅಂಜುಬುರುಕುತನವೆಂದದ್ದು ಇದನ್ನೇ. ನೋಡುವವನ ಖಚಿತ ತಿಳಿವಳಿಕೆಗೆ ಎಲ್ಲಿಯೂ ಒಂದು ಗೀರೂ ಬೀಳದಂತೆ ಚಿತ್ರ ಎಚ್ಚರ ವಹಿಸಿದೆ.

ಕಾಮದ ಭಾಷೆಯಲ್ಲಿ ಭಕ್ತಿ ಮಾತನಾಡುವುದು ಕ್ರೈಸ್ತ ಸಂಪ್ರದಾಯಕ್ಕೆ ಹೊಸದಲ್ಲ. ಸಿಯೆನಾದ ಕ್ಯಾಥರೀನಳಿಗೆ ಹದಿನಾಲ್ಕನೆಯ ಶತಮಾನದಲ್ಲಿಯೇ ಕ್ರಿಸ್ತನೊಡನೆ ಮದುವೆಯಾಗಿತ್ತು, ಗಾಯಗಳ ಅನುಭವವಾಗಿತ್ತು. ಆಕೆಯನ್ನು ಚರ್ಚು ಸಂತಳೆಂದು ಪೂಜಿಸುತ್ತದೆ. ದೈವಪ್ರೇಮದ ಬೇಗೆಯನ್ನು ಮೈಯ ಬೇಗೆಯಾಗಿಯೇ ಬಣ್ಣಿಸಿದ ಆವಿಲಾದ ತೆರೆಸಾಳಿಗೆ ಸಂತಪದವಿ ದೊರೆತದ್ದು 1622ರ ಮಾರ್ಚಿಯಲ್ಲಿ. ಪೆಶ್ಯಾದ ಮಠಕ್ಕೆ ಪೋಪರ ಪ್ರತಿನಿಧಿಯ ಅಧಿಕಾರಿಗಳು ಬಂದದ್ದೂ ಅದೇ ವರ್ಷ. ಒಂದೇ ಚರ್ಚು, ಒಂದೇ ವರ್ಷ. ಒಬ್ಬಳಿಗೆ ಪೀಠ, ಒಬ್ಬಳಿಗೆ ಪಾಟೀಸವಾಲು. ಇಬ್ಬರ ನಡುವಿನ ಗೆರೆ ಎಷ್ಟು ತೆಳುವಾಗಿತ್ತೆಂಬುದೇ ಅಂದಿನವರ ಕಳವಳ. ಶರಣಸತಿ ಲಿಂಗಪತಿ ಎಂಬ ಮಾತನ್ನು ಬಲ್ಲ, ಅಕ್ಕಮಹಾದೇವಿಯ ವಚನಗಳನ್ನು ಪಠ್ಯವಾಗಿ ಓದಿದ ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ ರೂಪಕವೋ ಗಂಡನೋ ಎಂದು ತರಗತಿಯಲ್ಲಿ ಪ್ರತಿವರ್ಷ ಯಾರಾದರೊಬ್ಬ ವಿದ್ಯಾರ್ಥಿ ನನ್ನನ್ನು ಕೇಳುತ್ತಾನೆ. ‘ಬರಿಯ ರೂಪಕ’ ಎಂದರೆ ವಚನ ಸಾಯುತ್ತದೆ. ‘ಬರಿಯ ಕಾಮ’ ಎಂದರೂ ಸಾಯುತ್ತದೆ. ‘ಬರಿಯ’ ಎಂಬ ಮಾತೇ ಇಲ್ಲಿ ಶತ್ರು. ವೆರ್ಹೋವೆನ್ನರ ಚಿತ್ರವನ್ನು ಖಂಡಿಸಿದವರೂ ಹೊಗಳಿದವರೂ ಆ ಒಂದು ಮಾತನ್ನು ಬಿಟ್ಟುಕೊಡಲಿಲ್ಲ.

ಇನ್ನೊಂದು ಸಂಗತಿ. ಈ ವಿಚಾರಣೆಯ ಕಾಗದಗಳನ್ನು ಫ್ಲಾರೆನ್ಸಿನ ಸರಕಾರೀ ದಾಖಲೆಮನೆಯಲ್ಲಿ ಕಂಡು ಹೊರತಂದವರು ಜೂಡಿತ್ ಬ್ರೌನ್ ಎಂಬ ಚರಿತ್ರಕಾರ್ತಿ. ಅವರ ಪುಸ್ತಕ 1986ರಲ್ಲಿ ಅಚ್ಚಾಯಿತು. ಚಿತ್ರಕ್ಕೂ ಅದೇ ಆಧಾರ. ಆ ಪುಸ್ತಕದಲ್ಲಿ ಅವರು ಗಮನಿಸಿರುವ ಒಂದು ವಿವರವನ್ನು ನಾನು ಮರೆಯಲಾರೆ. ಅಲ್ಲಿಯವರೆಗೆ ಸ್ಪಷ್ಟವಾಗಿ ಬರೆದುಕೊಂಡು ಬಂದ ಗುಮಾಸ್ತನ ಅಕ್ಷರ, ಬಾರ್ತೊಲೊಮೆಯಾಳ ಹೇಳಿಕೆ ಬಂದೊಡನೆ ಕೆಟ್ಟು, ಓದಲು ಬಾರದಷ್ಟು ಕಲಸಿಹೋಗುತ್ತದೆ. ನೂರಾರು ಪಾಪನಿವೇದನೆಗಳನ್ನು ಕೇಳಿದ ಪರಂಪರೆಯ ಮನುಷ್ಯ; ಇದನ್ನು ಬರೆಯುವಾಗ ಕೈ ನಡುಗಿತು. ಅವನದು ಅಸಹ್ಯವೋ ಭಯವೋ ಕುತೂಹಲವೋ, ಯಾವುದಾದರೂ ಆಗಲಿ, ತಾನು ನಿಂತ ನೆಲ ಸ್ವಲ್ಪ ಅಲುಗಿದಂತೆ ಅವನಿಗೆ ಆಗಿರಬೇಕು. ಈ ಚಿತ್ರದ ಕ್ಯಾಮೆರಾ ಒಮ್ಮೆಯೂ ನಡುಗುವುದಿಲ್ಲ. ಅದು ಬಾಗಿಲ ಸಂದಿಗೆ ಕಣ್ಣಿಟ್ಟ ಸಂನ್ಯಾಸಿನಿಯರ ಜಾಗದಲ್ಲಿಯೇ ನೆಲೆಯಾಗಿ ನಿಂತು, ಅವರಿಗಿಂತ ಒಳ್ಳೆಯ ಬೆಳಕಿನಲ್ಲಿ, ಸಾವಧಾನವಾಗಿ ನೋಡುತ್ತದೆ. ಚರ್ಚಿನ ದೌರ್ಜನ್ಯವನ್ನು ಖಂಡಿಸುತ್ತೇನೆಂದು ಹೊರಟ ಕೃತಿ ಆ ದೌರ್ಜನ್ಯದ ಕಣ್ಣನ್ನೇ ಎರವಲು ತಂದಿದೆ.

ನಿರ್ದೇಶಕರಿಗೆ ಅನ್ಯಾಯ ಮಾಡುವುದು ನನ್ನ ಉದ್ದೇಶವಲ್ಲ. ಅವರು ಅಜ್ಞರಲ್ಲ, ನಜರೇತಿನ ಯೇಸುವನ್ನು ಕುರಿತು ಒಂದು ಗ್ರಂಥವನ್ನೇ ಬರೆದವರು. ಬಾಲೆ ಬೆನೆಡೆಟ್ಟಾಳನ್ನು ಮಠಕ್ಕೆ ಸೇರಿಸುವಾಗ ಮಠದ ಒಡತಿ ಆಕೆಯ ತಂದೆಯೊಡನೆ ವರದಕ್ಷಿಣೆಯ ಚೌಕಾಸಿ ಮಾಡುವ ದೃಶ್ಯ ಬಹಳ ಚೆನ್ನಾಗಿದೆ. ಲೌಕಿಕ ಗಂಡನಿಗೆ ಕೊಡಬೇಕಾದ ಹಣಕ್ಕಿಂತ ದೇವರೆಂಬ ಗಂಡನಿಗೆ ಕೊಡಬೇಕಾದದ್ದು ಕಡಮೆ ಎಂಬ ಲೆಕ್ಕದಿಂದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಆ ಕಾಲದಲ್ಲಿ ಮಠ ಸೇರಿದರು. ಆ ಒಡತಿಯಾಗಿ ಷಾರ್ಲೆಟ್ ರಾಂಪ್ಲಿಂಗ್, ಬೆನೆಡೆಟ್ಟಾಳಾಗಿ ವಿರ್ಜಿನಿ ಎಫಿರಾ ಇಬ್ಬರ ಅಭಿನಯವೂ ಪ್ರಶಂಸೆಗೆ ಅರ್ಹ. ಎಫಿರಾರ ಕಣ್ಣುಗಳಲ್ಲಿ ಆಗಾಗ ಆ ಹೆಸರಿಲ್ಲದ ಜಾಗ ಹೊಳೆಯುತ್ತದೆ. ಚಿತ್ರಕಥೆ ಬಂದು ಅದನ್ನು ಆರಿಸುತ್ತದೆ.

ಕಲೆಗೆ ಚರಿತ್ರೆಯನ್ನು ಬದಲಾಯಿಸುವ ಸ್ವಾತಂತ್ರ್ಯವಿಲ್ಲವೆ ಎಂದು ಕೇಳುವವರುಂಟು. ಧಾರಾಳವಾಗಿ ಇದೆ. ಪೋಲಿಷ್ ನಿರ್ದೇಶಕ ಯೆರ್ಜಿ ಕವಲೆರೋವಿಚ್ 1961ರಲ್ಲಿ ತೆಗೆದ ‘ದೇವದೂತರ ತಾಯಿ ಯೋವಾನ್ನಾ’ ಚಿತ್ರವನ್ನು ನೋಡಿ. ಅದರ ಮೂಲ ಫ್ರಾನ್ಸಿನ ಲೂದಂ ಪಟ್ಟಣದ ಕನ್ಯಾಮಠ. ಅಲ್ಲಿನ ಸಂನ್ಯಾಸಿನಿಯರಿಗೆ ದೆವ್ವ ಹಿಡಿಸಿದನೆಂದು ಉರ್ಬೆನ್ ಗ್ರಾಂದಿಯೇ ಎಂಬ ಪಾದ್ರಿಯನ್ನು 1634ರಲ್ಲಿ ಸುಟ್ಟರು. ಕವಲೆರೋವಿಚ್ಚರ ಚಿತ್ರದಲ್ಲಿ ಕಥೆ ಫ್ರಾನ್ಸಿನಿಂದ ಪೋಲೆಂಡಿಗೆ ಬಂದಿದೆ, ಹೆಸರುಗಳು ಬದಲಾಗಿವೆ, ಘಟನೆಗಳು ಹೊಸದಾಗಿ ರೂಪುಗೊಂಡಿವೆ. ಆದರೆ ದೆವ್ವವನ್ನು ಕೈಬಿಡಲಿಲ್ಲ. ದೆವ್ವ ಬಿಡಿಸಲು ಬಂದ ಪಾದ್ರಿ ಸುರಿನ್ ತಾಯಿ ಯೋವಾನ್ನಾಳನ್ನು ಪ್ರೀತಿಸುತ್ತಾನೆ. ಆಕೆಯ ದೆವ್ವಗಳನ್ನು ತನ್ನೊಳಕ್ಕೆ ಕರೆದುಕೊಳ್ಳುತ್ತಾನೆ. ಅವು ಮತ್ತೆ ಆಕೆಯ ಬಳಿಗೆ ಹೋಗದಿರಲೆಂದು ಕೊಡಲಿ ಎತ್ತಿ ಇಬ್ಬರು ನಿರಪರಾಧಿಗಳನ್ನು ಕೊಂದು ತನ್ನ ಆತ್ಮವನ್ನೇ ಒತ್ತೆಯಿಡುತ್ತಾನೆ. ಇದು ಭಕ್ತಿಯೆ, ಪ್ರೇಮವೆ, ಹುಚ್ಚೆ? ಚಿತ್ರ ಹೇಳುವುದಿಲ್ಲ, ನಾವೂ ಹೇಳಲಾರೆವು. ಒಂದು ಬೆತ್ತಲೆ ಮೈಯನ್ನೂ ನೆಚ್ಚಿಕೊಳ್ಳದೆ, ಬಿಳಿಯ ಉಡುಪು ಕರಿಯ ಉಡುಪುಗಳಷ್ಟರಿಂದಲೇ ಅದು ನಮ್ಮ ನಿದ್ದೆ ಕೆಡಿಸುತ್ತದೆ. ದೆವ್ವವನ್ನು ನಂಬದ ನಿರ್ದೇಶಕನೂ ದೆವ್ವಕ್ಕೆ ಕೊಡಬೇಕಾದ ಮರ್ಯಾದೆ ಕೊಟ್ಟರೆ ಆಗುವ ಲಾಭ ಅದು.

ಇಷ್ಟು ಹೇಳಿದ ಮೇಲೆ, ಇಂತಹ ಚಿತ್ರವನ್ನು ನಿಷೇಧಿಸಬಾರದೇಕೆ ಎನ್ನುವವರಿಗೂ ಒಂದು ಮಾತು. ನಿಷೇಧದ ಪಕ್ಷಕ್ಕೆ ನನ್ನ ವಾದ ಒದಗುವುದಿಲ್ಲ. ದಿದರೋನ ಕಾದಂಬರಿಯನ್ನು ಆಧರಿಸಿ ಜಾಕ್ ರಿವೆತ್ ತೆಗೆದ ‘ಸಂನ್ಯಾಸಿನಿ’ ಚಿತ್ರವನ್ನು ಫ್ರೆಂಚ್ ಸರಕಾರ 1966ರಲ್ಲಿ ನಿಷೇಧಿಸಿತು. ಮರುವರ್ಷ ಬಿಡುಗಡೆ ಮಾಡಲೇಬೇಕಾಯಿತು. ಒಲ್ಲದ ಹೆಣ್ಣೊಬ್ಬಳನ್ನು ಮನೆಯವರು ಮಠಕ್ಕೆ ನೂಕಿದ ಕಥೆ ಅದು. ಗೋಡೆ, ಕಂಬಿ, ಗಂಟೆಯ ಸದ್ದು ಇವುಗಳಲ್ಲಿಯೇ ಆಕೆಯ ಉಸಿರು ಕಟ್ಟುವುದನ್ನು ಕಾಣಿಸುವ ಸಂಯಮದ ಕೃತಿ. ನಿಷೇಧಿಸಿದವರು ಅದನ್ನು ಹಗರಣವಾಗಿ ಮಾಡಿದರು. ಒಳ್ಳೆಯ ಚಿತ್ರಕ್ಕೆ ಹೀಗಾದರೆ ಸಾಧಾರಣ ಚಿತ್ರಕ್ಕೆ ಕೇಳಬೇಕೆ? ನಿಷೇಧ ಅದಕ್ಕೆ ತಾನಾಗಿ ಗಳಿಸಲಾರದ ಮಹತ್ವವನ್ನು ದಾನ ಮಾಡುತ್ತದೆ. ‘ಬೆನೆಡೆಟ್ಟಾ’ವನ್ನು ನೋಡಬೇಕು, ನೋಡಿ ಜಗಳವಾಡಬೇಕು.

ಆ ಜಗಳದ ಕೊನೆಯ ಅಂಶ ಚಿತ್ರದ ಕೊನೆಯೇ. ಚಿತ್ರದಲ್ಲಿ ಪ್ಲೇಗು ಬರುತ್ತದೆ, ಚಿತ್ರಹಿಂಸೆ ಬರುತ್ತದೆ, ಬೆನೆಡೆಟ್ಟಾಳನ್ನು ಸುಡಲು ಕಂಬ ನೆಡುತ್ತಾರೆ, ಊರು ದಂಗೆಯೇಳುತ್ತದೆ, ಪೋಪರ ಪ್ರತಿನಿಧಿ ಸಾಯುತ್ತಾನೆ. ನಿಜವಾಗಿ ಕಂಬವೂ ಇಲ್ಲ, ದಂಗೆಯೂ ಇಲ್ಲ. ನಡೆದದ್ದೆಲ್ಲ ದೆವ್ವದ ವಂಚನೆ, ಆಕೆಯ ಇಚ್ಛೆಯಿಂದಲ್ಲ ಎಂಬ ತೀರ್ಮಾನ 1623ರಲ್ಲಿ ಬರೆಯಲ್ಪಟ್ಟಿತು. ಸ್ಪ್ಲೆಂಡಿಟೆಲ್ಲೊ ಹೋದ. ಆಮೇಲೆ ಉಳಿದದ್ದು ಮಠದೊಳಗಿನ ಸೆರೆಮನೆ. 1661ರಲ್ಲಿ ಆಕೆ ಜ್ವರದಿಂದ ಸತ್ತಾಗ ಆಕೆಗೆ 71 ವರ್ಷ. ಅದರಲ್ಲಿ 35 ವರ್ಷಗಳು ಸೆರೆಯಲ್ಲಿ ಕಳೆದಿದ್ದುವು ಎಂದು ಒಬ್ಬ ಸಂನ್ಯಾಸಿನಿ ತನ್ನ ದಿನಚರಿಯಲ್ಲಿ ಗುರುತು ಹಾಕಿದಳು. ಬಾರ್ತೊಲೊಮೆಯಾ ಅದಕ್ಕೆ ಒಂದು ವರ್ಷ ಮೊದಲೇ, ಅದೇ ಮಠದಲ್ಲಿ, ತೀರಿಕೊಂಡಿದ್ದಳು.

ಮೂವತ್ತೈದು ವರ್ಷಗಳು! ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು, ನಡುವೆ ಒಂದು ಬೀಗ. ಆ ವರ್ಷಗಳಲ್ಲಿ ಒಬ್ಬಳು ಪ್ರಾರ್ಥಿಸಿದಳೆ? ಪ್ರಾರ್ಥಿಸಿದ್ದರೆ ಯಾರ ದನಿಯಲ್ಲಿ? ಇನ್ನೊಬ್ಬಳು ಆ ಬಾಗಿಲ ಮುಂದೆ ಹಾದುಹೋಗುವಾಗ ನಡಿಗೆಯನ್ನು ನಿಧಾನ ಮಾಡುತ್ತಿದ್ದಳೆ? ಭಕ್ತಿ ಮತ್ತು ನಿಷಿದ್ಧ ಪ್ರೇಮ ಎಂಬ ವಸ್ತು ನಿಜವಾಗಿ ಆರಂಭವಾಗುವುದೇ ಅಲ್ಲಿ, ನೋಡುವ ಕಣ್ಣುಗಳೆಲ್ಲ ಹಿಂದಿರುಗಿದ ಮೇಲೆ. ವೆರ್ಹೋವೆನ್ನರು ಎರಡು ಗಂಟೆಗೂ ಮೀರಿದ ಚಿತ್ರದಲ್ಲಿ ಆ ಮೂವತ್ತೈದು ವರ್ಷಗಳಿಗೆ ಕೊಟ್ಟದ್ದು ಕೊನೆಯಲ್ಲಿ ತೆರೆಯ ಮೇಲೆ ಮೂಡಿ ಮಾಯವಾಗುವ ಕೆಲವು ಅಕ್ಷರಗಳನ್ನು. ಬೆಂಕಿಯನ್ನು ಚಿತ್ರಿಸುವುದು ಸುಲಭ, ಬೀಗವನ್ನು ಚಿತ್ರಿಸುವುದು ಕಷ್ಟ. ಕಷ್ಟವಾದದ್ದನ್ನು ಮಾಡಿದವನನ್ನು ಧೀರನೆನ್ನೋಣ. ಅಲ್ಲಿಯವರೆಗೆ ಆ ಬಿರುದನ್ನು ನಮ್ಮಲ್ಲಿಯೇ ಇಟ್ಟುಕೊಂಡಿರುವುದು ಲೇಸು.